ಮಾಲ್‌ನಲ್ಲಿ ಕೂರುವ ಜಾಗ ಎಲ್ಲಿದೆ? ಹಾಸನ, ಚಿಕ್ಕಮಗಳೂರಿನವರ ಅನುಭವ ತಿಳಿಸಿ

ಸಾಲಗಾಮೆ ರಸ್ತೆ, ಹಾಸನ

ದೊಡ್ಡ ಮಾಲ್ ಒಂದರೊಳಗೆ ಏನನ್ನೂ ಕೊಳ್ಳದೆ, ಯಾರೂ ಎಬ್ಬಿಸದಂತೆ, ವಯಸ್ಸಾದವರು ಹತ್ತು ನಿಮಿಷ ಎಲ್ಲಿ ಕೂರಬಹುದು ಎಂಬ ಪ್ರಶ್ನೆಯನ್ನು ಈ ಬಳಗದ ಮುಂದಿಡುತ್ತಿದ್ದೇನೆ. ಪ್ರಶ್ನೆ ಸಣ್ಣದಾಗಿ ಕಾಣಬಹುದು. ಆದರೆ ಇಂಥ ಕಟ್ಟಡಗಳು ಇಂದಲ್ಲ ನಾಳೆ ನಮ್ಮ ಬಿ.ಎಂ. ರಸ್ತೆಗೂ ಬರುತ್ತವೆಯಾದ್ದರಿಂದ, ಬರುವ ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದೆಂದು ನನಗನ್ನಿಸಿದೆ.

ಅಮ್ಮನ ಕಣ್ಣಿನ ತಪಾಸಣೆಗೆಂದು ಬೆಂಗಳೂರಿಗೆ ಹೋಗಿದ್ದೆವು. ಆಸ್ಪತ್ರೆಯ ಕೆಲಸ ಮಧ್ಯಾಹ್ನದ ಹೊತ್ತಿಗೇ ಮುಗಿಯಿತು, ಹಾಸನದ ರೈಲು ಇದ್ದದ್ದು ಸಂಜೆಗೆ. ಬಿಸಿಲಿನಲ್ಲಿ ಅಲೆಯುವ ಬದಲು ತಂಪಾದ ಜಾಗದಲ್ಲಿರೋಣವೆಂದು ದಾರಿಯಲ್ಲಿ ಕಂಡ ಮಾಲ್ ಒಂದಕ್ಕೆ ಹೋದೆವು. ನಮ್ಮಿಬ್ಬರಿಗೂ ಅದು ಹೊಸ ಜಾಗ. ಬಾಗಿಲಲ್ಲಿ ಚೀಲವನ್ನು ಯಂತ್ರದೊಳಗೆ ಹಾಕಿಸಿ, ಅಮ್ಮನನ್ನು ಪರದೆಯ ಮರೆಯಲ್ಲಿ ತಪಾಸಿಸಿ ಒಳಗೆ ಬಿಟ್ಟರು. ಒಳಗೆ ಹೋದೊಡನೆ ನಾಲ್ಕು ಅಂತಸ್ತಿನ ಎತ್ತರದ ಬಯಲು, ಮೇಲೆ ಗಾಜಿನ ಚಾವಣಿ, ಕೆಳಗೆ ಮುಖ ಕಾಣುವಷ್ಟು ಹೊಳೆಯುವ ಬಿಳಿ ನೆಲ. ಕಣ್ಣಿಗೆ ಹನಿ ಹಾಕಿಸಿಕೊಂಡು ಬಂದಿದ್ದ ಅಮ್ಮನಿಗೆ ಆ ನೆಲದಿಂದ ಎದ್ದು ಬರುವ ಬೆಳಕೇ ತಡೆಯಲಾಗಲಿಲ್ಲ. ನೆಲ ಒದ್ದೆಯಾಗಿದೆಯೆಂದು ತಿಳಿದು ಬಹಳ ದೂರದವರೆಗೆ ನನ್ನ ತೋಳು ಬಿಡದೆ ನಡೆದರು.

ಅಮ್ಮ ಆ ಮಧ್ಯಾಹ್ನವನ್ನು ಸಂತೋಷದಿಂದಲೇ ಕಳೆದರೆಂಬುದನ್ನೂ ಹೇಳಬೇಕು. ಗಾಜಿನ ಲಿಫ್ಟ್‌ನಲ್ಲಿ ಮೇಲೆ ಹೋಗುವಾಗ ಮಕ್ಕಳ ಹಾಗೆ ಕೆಳಗೆ ನೋಡಿದರು. ಸೀರೆಯಂಗಡಿಯಲ್ಲಿ ಬೆರಳಿನಿಂದ ಸೆರಗನ್ನು ಸವರಿ ನೂಲಿನ ಗುಣ ಹೇಳಿದರು. ನೆಲಮಾಳಿಗೆಯ ದಿನಸಿ ಅಂಗಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಸುತ್ತಿದ ಸೊಪ್ಪಿನ ಕಟ್ಟುಗಳನ್ನು ಒಂದೊಂದಾಗಿ ಎತ್ತಿ, ಕಟ್ಟಿನಕೆರೆ ಮಾರುಕಟ್ಟೆಯ ದರದೊಂದಿಗೆ ಹೋಲಿಸಿ ಬೆರಗಾದರು. ಆದರೆ ಮಂಡಿನೋವಿನ ಅವರಿಗೆ ಕಾಲು ಗಂಟೆಗೊಮ್ಮೆ ಕೂರಬೇಕಾಗುತ್ತದೆ. ಎರಡು ಅಂತಸ್ತುಗಳನ್ನು ಸುತ್ತಿದರೂ ಬೆಂಚು ಸಿಗಲಿಲ್ಲ. ಗಿಡದ ಕಟ್ಟೆಯ ಅಂಚಿನಲ್ಲಿ ಕುಳಿತಾಗ ಕಾವಲುಗಾರರೊಬ್ಬರು ಬಂದು ಮರ್ಯಾದೆಯಿಂದಲೇ ಎಬ್ಬಿಸಿದರು. ಎಸ್ಕಲೇಟರ್ ಹತ್ತಿ ಬಂದರೆ ಮುಂದಿನ ಅಂತಸ್ತಿನ ಎಸ್ಕಲೇಟರ್ ಅಲ್ಲೇ ಇರದೆ ಅಂಗಡಿಗಳ ಸಾಲನ್ನು ಬಳಸಿಕೊಂಡು ಆಚೆ ತುದಿಗೆ ಹೋಗಬೇಕಿತ್ತು. ಕೊನೆಗೆ ಕುರ್ಚಿಗಳು ಸಿಕ್ಕಿದ್ದು ಮೇಲಿನ ಅಂತಸ್ತಿನ ಊಟದ ಅಂಗಳದಲ್ಲಿ. ಅಲ್ಲಿ ಹೊರಗಿನ ತಿಂಡಿ ತರಬಾರದೆಂಬ ಫಲಕವಿತ್ತು, ಅಮ್ಮನ ಚೀಲದಲ್ಲಿ ಮನೆಯ ಚಪಾತಿಯಿತ್ತು. ಒಂದು ಲೋಟ ಕಾಫಿ ಕೊಂಡು, ಅದರ ಬೆಲೆಗೆ ಕುರ್ಚಿಯನ್ನು ಪಡೆದೆವು.

ಇದರ ನಡುವೆ ಬಟ್ಟೆಯಂಗಡಿಯೊಂದರ ಹುಡುಗಿ ಅಮ್ಮನ ಮಾತು ಕೇಳಿ, "ಹಾಸನದ ಕಡೆಯವರಾ? ನಾನು ಅರಕಲಗೂಡಿನವಳು" ಎಂದು, ಬಟ್ಟೆ ತೊಟ್ಟು ನೋಡುವ ಕೋಣೆಯೊಳಗಿಂದ ಸ್ಟೂಲ್ ತಂದು ಕೂರಿಸಿದಳು. ನಾವು ಅಲ್ಲಿ ಏನನ್ನೂ ಕೊಳ್ಳಲಿಲ್ಲ. ಇಡೀ ಕಟ್ಟಡದಲ್ಲಿ ನಮಗೆ ಬೆಲೆಯಿಲ್ಲದೆ ಸಿಕ್ಕ ಆಸನ ಅದೊಂದೇ.

ಕಟ್ಟುವವರು ಬೆಂಚನ್ನು ಮರೆತರೋ, ಬೇಕೆಂದೇ ಬಿಟ್ಟರೋ? ಬಲ್ಲವರು ತಿಳಿಸಿ.

ನಕ್ಷೆ ಮೇಷ್ಟರು, ಹಾಸನ

ಕಟ್ಟಡ ವಿನ್ಯಾಸವನ್ನು ಕಲಿಸುವವನಾದ್ದರಿಂದ ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಪೂರ್ತಿ ಮುಚ್ಚಿದ, ಒಳಗಿನ ಹವೆಯನ್ನು ನಿಯಂತ್ರಿಸುವ ಇಂದಿನ ಮಾಲ್‌ನ ಮಾದರಿ ಅಮೆರಿಕದ ಮಿನ್ನೆಸೋಟ ರಾಜ್ಯದ ಎಡೈನಾ ಎಂಬಲ್ಲಿ 1956ರಲ್ಲಿ ತೆರೆದ ಸೌತ್‌ಡೇಲ್ ಕೇಂದ್ರ. ಅದನ್ನು ರೂಪಿಸಿದವರು ವಿಕ್ಟರ್ ಗ್ರೂಯೆನ್. 1903ರಲ್ಲಿ ವಿಯೆನ್ನಾದಲ್ಲಿ ಹುಟ್ಟಿ, ನಾಜಿಗಳು ಆಸ್ಟ್ರಿಯವನ್ನು ವಶಪಡಿಸಿಕೊಂಡ 1938ರಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಬಂದ ವಾಸ್ತುಶಿಲ್ಪಿ ಅವರು. ಕಾರುಗಳ ಹೆದ್ದಾರಿಯ ಬದಿಯಲ್ಲಿ ಚದುರಿ ಬೆಳೆಯುತ್ತಿದ್ದ ಅಮೆರಿಕದ ಉಪನಗರಗಳಿಗೆ ವಿಯೆನ್ನಾದಲ್ಲಿದ್ದಂಥ ಚೌಕವೊಂದನ್ನು, ಜನ ಭೇಟಿಯಾಗಿ ಮಾತನಾಡುವ ಜಾಗವನ್ನು ಕೊಡಬೇಕೆಂಬುದು ಅವರ ಆಸೆಯಾಗಿತ್ತು. ಚಳಿಗಾಲದಲ್ಲಿ ಹೊರಗೆ ಕಾಲಿಡಲಾಗದ ಆ ಊರಿನಲ್ಲಿ ಅವರು ಕಟ್ಟಡದ ನಡುವೆ ಮರಗಳಿರುವ ಅಂಗಳವನ್ನೂ ಹಕ್ಕಿಗಳ ದೊಡ್ಡ ಪಂಜರವನ್ನೂ ಕುಳಿತು ಕಾಫಿ ಕುಡಿಯುವ ಜಾಗವನ್ನೂ ಇಟ್ಟರು. ಅದರ ಸುತ್ತ ಮನೆಗಳು, ಶಾಲೆ, ಉದ್ಯಾನ ಎಲ್ಲವೂ ಬರಬೇಕೆಂಬ ಯೋಜನೆ ಅವರದಾಗಿತ್ತು. ಅವು ಅವರು ಬಯಸಿದಂತೆ ಬರಲಿಲ್ಲ, ಬಂದದ್ದು ವಾಹನ ನಿಲ್ಲಿಸುವ ಬಯಲು. ಮುಂದೆ ಅವರ ಮಾದರಿಯನ್ನು ಪಡೆದವರು ಅಂಗಡಿಗಳನ್ನು ಉಳಿಸಿಕೊಂಡು ಉಳಿದುದನ್ನು ಕೈಬಿಟ್ಟರು. ವಿಯೆನ್ನಾಕ್ಕೆ ಮರಳಿದ ಗ್ರೂಯೆನ್, ತನ್ನನ್ನು ಮಾಲ್‌ಗಳ ಜನಕ ಎಂದು ಕರೆಯುವುದನ್ನು ಕೊನೆಗಾಲದಲ್ಲಿ ಬಹಿರಂಗವಾಗಿಯೇ ನಿರಾಕರಿಸಿದರು, 1980ರಲ್ಲಿ ತೀರಿಕೊಂಡರು.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ದೊಡ್ಡ ಹೆಸರಿನ ಮಳಿಗೆಗಳನ್ನು ಎರಡು ತುದಿಗಳಲ್ಲಿಟ್ಟು ನಡುವೆ ಸಣ್ಣ ಅಂಗಡಿಗಳನ್ನು ಜೋಡಿಸುವುದು ಈ ಕಟ್ಟಡಗಳ ಮೂಲ ಸೂತ್ರ. ಒಂದು ತುದಿಯಿಂದ ಇನ್ನೊಂದಕ್ಕೆ ಹೋಗುವವರು ಸಣ್ಣ ಅಂಗಡಿಗಳ ಮುಂದೆ ಹಾದುಹೋಗಲೇಬೇಕು. ನಿಮ್ಮನ್ನು ಬಳಸಿಕೊಂಡು ಹೋಗುವಂತೆ ಮಾಡಿದ ಎಸ್ಕಲೇಟರ್‌ನ ಕಾರಣವೂ ಅದೇ, ಊಟದ ಅಂಗಳವನ್ನೂ ಚಿತ್ರಮಂದಿರವನ್ನೂ ಮೇಲಿನ ಅಂತಸ್ತಿನಲ್ಲಿಡುವ ಕಾರಣವೂ ಅದೇ. ಕಿಟಕಿಗಳಿಲ್ಲದ ಗೋಡೆ, ಎಲ್ಲಿಯೂ ಕಾಣದ ಗಡಿಯಾರ, ಹೊತ್ತಿನೊಂದಿಗೆ ಬದಲಾಗದ ದೀಪದ ಬೆಳಕು ಸೇರಿ, ಒಂದು ವಸ್ತುವಿಗೆಂದು ಬಂದವರು ಆ ಗುರಿಯನ್ನು ಮರೆತು ಸುಮ್ಮನೆ ನೋಡುತ್ತ ನಡೆಯುವ ಸ್ಥಿತಿಯನ್ನು ತಲುಪುತ್ತಾರೆ. ಈ ಸ್ಥಿತಿಗೆ ಗ್ರೂಯೆನ್ ಅವರ ಹೆಸರನ್ನೇ ಇಟ್ಟಿದ್ದಾರೆ. ಅವರು ಅದನ್ನು ಬಯಸಿದವರಲ್ಲ.

ಬೆಂಚಿನ ವಿಷಯದಲ್ಲಿ ಲೆಕ್ಕ ನೇರವಾಗಿದೆ. ಓಡಾಡುವ ಹಾದಿಯ ಮಧ್ಯದಲ್ಲಿರುವ ಖಾಲಿ ನೆಲವನ್ನು ಮೊಬೈಲ್ ಕವಚ, ಸುಗಂಧ, ಐಸ್‌ಕ್ರೀಮ್ ಮಾರುವ ಸಣ್ಣ ಕಟ್ಟೆಗಳಿಗೆ ಬಾಡಿಗೆಗೆ ಕೊಡಬಹುದು. ಅದೇ ಜಾಗದಲ್ಲಿ ಬೆಂಚು ಹಾಕಿದರೆ ಬಾಡಿಗೆಯಿಲ್ಲ. ಆದ್ದರಿಂದ ಬೆಂಚು ಮರೆತುಹೋದದ್ದೆಂದು ನಾನು ನಂಬುವುದಿಲ್ಲ. ಆದರೆ ಇದು ಎಲ್ಲ ಮಾಲ್‌ಗಳ ಮಾತಲ್ಲ. ಜನ ಕೂತಷ್ಟು ಹೊತ್ತು ಕಟ್ಟಡದಲ್ಲಿ ಉಳಿಯುತ್ತಾರೆ, ಉಳಿದವರು ಕೊಳ್ಳುತ್ತಾರೆ ಎಂದು ತಿಳಿದು ಸಾಲಾಗಿ ಆಸನ ಹಾಕಿರುವ ಕಡೆಗಳೂ ಇವೆ.

ಜವಳಿ ವ್ಯಾಪಾರಿ, ಹಾಸನ

ಮೇಷ್ಟರು ಹೇಳಿದ್ದನ್ನು ಓದಿ ಸಂತೋಷವಾಯಿತು. ನಮ್ಮ ಅಂಗಡಿಯಲ್ಲಿ ಅಜ್ಜನ ಕಾಲದಿಂದಲೂ ಬಿಳಿ ಬಟ್ಟೆ ಹೊದಿಸಿದ ಗಾದಿಯ ಮೇಲೆ ಗಿರಾಕಿಯನ್ನು ಕೂರಿಸಿ, ನೀರು ಕೊಟ್ಟು, ಆಮೇಲೆಯೇ ಸೀರೆ ಬಿಚ್ಚುವುದು. ಮದುವೆ ಜವಳಿಗೆ ಬಂದ ಕುಟುಂಬದ ಹಿರಿಯರು ಗೋಡೆಗೊರಗಿ ಅರ್ಧ ದಿನ ಕೂರುತ್ತಾರೆ. ಮಾಲ್ ಬಂದರೆ ನಮ್ಮಂಥವರ ಗತಿಯೇನೆಂದು ಎಲ್ಲರೂ ಕೇಳುತ್ತಾರೆ; ಕೂರಿಸಿ ಮಾತನಾಡಿಸುವ ಅಂಗಡಿಗೆ ಜನ ಬಂದೇ ಬರುತ್ತಾರೆಂಬುದು ನನ್ನ ಉತ್ತರ. ಹಿರಿಯರಿಗೆ ಬೇಕಾದದ್ದು ಪೇಟೆ ಬೀದಿಯಲ್ಲಿದೆ, ಅದನ್ನು ಬಿಟ್ಟು ಮಾಲ್‌ಗೆ ಹೋಗಿ ಬೆಂಚು ಹುಡುಕುವುದೇಕೆ?

ಬಸವನಹಳ್ಳಿ, ಚಿಕ್ಕಮಗಳೂರು

ಜವಳಿ ವ್ಯಾಪಾರಿಗಳ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವನ್ನು ಹೆಂಗಸಾಗಿ ನಾನು ಹೇಳುತ್ತೇನೆ.

ನಮ್ಮೂರಿನ ಬುಧವಾರದ ಸಂತೆಗೆ ತೋಟಗಳಿಂದ, ಹಳ್ಳಿಗಳಿಂದ ಬರುವ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಪೇಟೆಯಲ್ಲಿರುತ್ತಾರೆ. ಮಾರ್ಕೆಟ್ ರಸ್ತೆಯಲ್ಲಿ ಅಂಗಡಿಗಳಿಗೆ ಕೊರತೆಯಿಲ್ಲ, ಎಂ.ಜಿ. ರಸ್ತೆಯಲ್ಲಿ ಬಟ್ಟೆಯಂಗಡಿಗಳ ಗಾದಿಗೂ ಕೊರತೆಯಿಲ್ಲ. ಆದರೆ ಶೌಚಾಲಯ ಎಲ್ಲಿದೆಯೆಂದು ಕೇಳಿದರೆ ಎಲ್ಲರೂ ಬಸ್ ನಿಲ್ದಾಣದ ಕಡೆ ಕೈ ತೋರಿಸುತ್ತಾರೆ. ಪೇಟೆಗೆ ಬರುವ ದಿನ ಬೆಳಿಗ್ಗೆಯಿಂದ ನೀರು ಕುಡಿಯದೆ ಇರುವುದನ್ನು ನಮ್ಮ ತಾಯಂದಿರು ನಮಗೆ ಅಭ್ಯಾಸವಾಗಿಯೇ ಕಲಿಸಿದರು. ಎಳೆ ಮಗುವಿಗೆ ಹಾಲೂಡಿಸಬೇಕಾದಾಗ ಪರಿಚಯದವರ ಅಂಗಡಿಯ ಗೋದಾಮಿನೊಳಗೆ, ಪೆಟ್ಟಿಗೆಗಳ ನಡುವೆ ನಾನು ಕುಳಿತದ್ದಿದೆ.

ಮೊದಲ ಸಲ ಮಂಗಳೂರಿನ ಒಂದು ಮಾಲ್‌ಗೆ ಹೋದಾಗ ನನ್ನ ಮನಸ್ಸಿಗೆ ಬಿಡುಗಡೆ ಕೊಟ್ಟದ್ದು ಅಂಗಡಿಗಳಲ್ಲ. ಪ್ರತಿ ಅಂತಸ್ತಿನಲ್ಲೂ ಹೆಂಗಸರ ಶೌಚಾಲಯ, ಅದರೊಳಗೆ ನೀರು, ಬಾಗಿಲಿಗೆ ಚಿಲಕ, ಪಕ್ಕದಲ್ಲಿ ಮಗುವಿನ ಬಟ್ಟೆ ಬದಲಿಸುವ ಹಲಗೆ, ಹಾಲೂಡಿಸಲು ಪ್ರತ್ಯೇಕ ಕೋಣೆ. ಅಲ್ಲಿ ನನ್ನನ್ನು ಯಾರೂ ಏನು ಕೊಂಡಿರೆಂದು ಕೇಳಲಿಲ್ಲ. ಮಾಲ್‌ನಲ್ಲಿ ಬೆಂಚಿಲ್ಲ ಎಂಬುದು ನಿಜವಾದ ಕೊರತೆ; ಆದರೆ ಪೇಟೆ ಬೀದಿಯನ್ನು ಅದರೆದುರು ಇಟ್ಟು ಹೊಗಳುವಾಗ ಆ ಬೀದಿ ಹೆಂಗಸರಿಗೆ ಏನನ್ನು ಕೊಟ್ಟಿಲ್ಲ ಎಂಬುದನ್ನೂ ಬರೆಯಬೇಕು. ಗಾದಿಯ ಮೇಲೆ ಕೂರಬೇಕಾದರೂ ಮದುವೆ ಜವಳಿಯಷ್ಟು ದೊಡ್ಡ ವ್ಯಾಪಾರ ಕೈಯಲ್ಲಿರಬೇಕಲ್ಲವೇ?

ಜವಳಿ ವ್ಯಾಪಾರಿ, ಹಾಸನ

ಒಪ್ಪುತ್ತೇನೆ. ಶೌಚಾಲಯದ ವಿಷಯದಲ್ಲಿ ನಾವು ವ್ಯಾಪಾರಿಗಳು ಸೇರಿ ಮಾಡಬಹುದಾದದ್ದು ಬಹಳವಿದೆ, ಮಾಡಿಲ್ಲ.

ಹೊಳೆನರಸೀಪುರದವಳು

ಅರಕಲಗೂಡಿನ ಆ ಹುಡುಗಿಯ ಸ್ಟೂಲ್ ಬಗ್ಗೆ ಓದಿದಾಗ ಬರೆಯದೆ ಇರಲಾಗಲಿಲ್ಲ. ಮದುವೆಗೆ ಮೊದಲು ನಾನೂ ಬೆಂಗಳೂರಿನ ಮಾಲ್ ಒಂದರ ಬಟ್ಟೆ ಮಳಿಗೆಯಲ್ಲಿ ಕೆಲಸ ಮಾಡಿದವಳು. ಗಿರಾಕಿಗಳಿಗೆ ಕುರ್ಚಿಯಿಲ್ಲವೆಂದು ನೀವು ಬರೆದಿದ್ದೀರಿ. ಕೌಂಟರಿನ ಹಿಂದೆಯೂ ಕುರ್ಚಿಯಿರಲಿಲ್ಲ. ಅಂಗಡಿ ಖಾಲಿಯಿರುವ ಮಧ್ಯಾಹ್ನದಲ್ಲೂ ಕೂರುವಂತಿರಲಿಲ್ಲ. ಕ್ಯಾಮೆರಾದಲ್ಲಿ ಕುಳಿತದ್ದು ಕಂಡರೆ ಮೇಲ್ವಿಚಾರಕರು ಕರೆದು ಕೇಳುತ್ತಿದ್ದರು. ಸಂಜೆಯ ಹೊತ್ತಿಗೆ ಪಾದ ಬಾತು ಚಪ್ಪಲಿಯೊಳಗೆ ಹೋಗದಂತಾಗುತ್ತಿತ್ತು. ಸ್ಟೂಲ್ ತಂದ ಆ ಹುಡುಗಿಗೆ ತಾನೇ ಅದರ ಮೇಲೆ ಕೂರುವ ಅನುಮತಿ ಇತ್ತೋ ಇಲ್ಲವೋ ಎಂದು ನನಗನ್ನಿಸಿತು.

ಕೇರಳದ ಕೋಳಿಕೋಡಿನ ಮಿಠಾಯಿ ಬೀದಿಯ ಬಟ್ಟೆಯಂಗಡಿಗಳಲ್ಲಿ ದುಡಿಯುವ ಹೆಂಗಸರು ಇದೇ ಕಾರಣಕ್ಕೆ ಸಂಘ ಕಟ್ಟಿ ವರ್ಷಗಟ್ಟಲೆ ಹೋರಾಡಿದರು. ಅದರ ಫಲವಾಗಿ ಕೇರಳ ಸರ್ಕಾರ 2018ರಲ್ಲಿ ತನ್ನ ಅಂಗಡಿಗಳ ಕಾಯಿದೆಯನ್ನು ತಿದ್ದಿ, ಕೆಲಸದ ನಡುವೆ ಕೂರಲು ಆಸನ ಕೊಡುವುದನ್ನು ಮಾಲೀಕರ ಕರ್ತವ್ಯವಾಗಿಸಿತು. 2021ರಲ್ಲಿ ತಮಿಳುನಾಡೂ ಹಾಗೆಯೇ ಮಾಡಿತು. ಹಾಸನದಲ್ಲಿ ಮಾಲ್ ಬಂದರೆ ಏನು ಕೇಳಬೇಕೆಂದು ಬರೆದಿದ್ದೀರಲ್ಲ, ಒಳಗೆ ದುಡಿಯುವವರ ಆಸನವನ್ನೂ ಅದರೊಂದಿಗೆ ಕೇಳಿ. ಅಲ್ಲಿ ಕೆಲಸಕ್ಕೆ ಸೇರುವವರು ನಮ್ಮ ತಾಲ್ಲೂಕುಗಳ ಮಕ್ಕಳೇ ಆಗಿರುತ್ತಾರೆ.

ಇನ್ನೊಂದು ಮಾತು, ಸೀರೆಯುಟ್ಟ ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ. ಎಸ್ಕಲೇಟರ್ ಹತ್ತುವ ಮೊದಲು ನೆರಿಗೆಯನ್ನು ಒಂದು ಕೈಯಲ್ಲಿ ಸ್ವಲ್ಪ ಎತ್ತಿ ಹಿಡಿಯಲಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಲಿ. ಇನ್ನೊಂದು ಕೈ ಓಡುವ ಕೈಪಟ್ಟಿಯ ಮೇಲಿರಲಿ. ಮೆಟ್ಟಿಲ ಅಂಚಿನ ಹಳದಿ ಗೆರೆಯೊಳಗೆ, ನಡುವಿನಲ್ಲಿ ಪಾದವಿಡಬೇಕು. ಮೆಟ್ಟಿಲ ಎರಡೂ ಬದಿಯ ತಗಡಿನುದ್ದಕ್ಕೂ ಕಾಣುವ ಕಪ್ಪು ಬ್ರಷ್ ಇರುವುದು ಪಾದರಕ್ಷೆಯನ್ನು ಉಜ್ಜಿಕೊಳ್ಳಲು ಅಲ್ಲ. ಬಟ್ಟೆಯೂ ಬೆರಳೂ ಸಂದಿಗೆ ಹೋಗುವ ಮೊದಲೇ ಅದು ಕಾಲಿಗೆ ತಾಗಿ ದೂರ ಸರಿಯುವಂತೆ ಮಾಡುತ್ತದೆ. ಮೇಲೆ ಮತ್ತು ಕೆಳಗೆ, ಎರಡೂ ತುದಿಗಳಲ್ಲಿ ಕೆಂಪು ಗುಂಡಿಯಿರುತ್ತದೆ. ಯಾರ ಸೀರೆಯಾದರೂ ಸಿಕ್ಕಿಕೊಂಡರೆ ಹಿಂಜರಿಯದೆ ಅದನ್ನು ಒತ್ತಬೇಕು. ಭಯವಿರುವವರನ್ನು ಒತ್ತಾಯಿಸಿ ಹತ್ತಿಸುವುದಂತೂ ಬೇಡ. ಲಿಫ್ಟ್ ಎಲ್ಲಿದೆಯೆಂದು ಕಾವಲುಗಾರರನ್ನು ಕೇಳಿ. ಹಲವು ಕಡೆ ಅದು ಶೌಚಾಲಯದ ಓಣಿಯ ಒಳಗಿರುತ್ತದೆ.

ಗಾಲಿಕುರ್ಚಿ, ಚಿಕ್ಕಮಗಳೂರು

ನಾನು ಎಲ್ಲಿಗೆ ಹೋದರೂ ಕುಳಿತೇ ಹೋಗುವವನಾದ್ದರಿಂದ ಬೆಂಚಿನ ಚಿಂತೆ ನನಗಿಲ್ಲ. ನನ್ನ ಚಿಂತೆ ಮೆಟ್ಟಿಲಿನದು.

ಐ.ಜಿ. ರಸ್ತೆಯ ಬಹುತೇಕ ಅಂಗಡಿಗಳಿಗೆ ಎರಡು ಮೂರು ಮೆಟ್ಟಿಲುಗಳಿವೆ. ಅಂಗಡಿಯವರು ಒಳ್ಳೆಯವರು, ಕೂಗಿದರೆ ರಸ್ತೆಗೇ ಸಾಮಾನು ತಂದು ತೋರಿಸುತ್ತಾರೆ. ಆದರೆ ನಾನು ಒಳಗೆ ಹೋಗಿ ಹತ್ತು ವಸ್ತುಗಳನ್ನು ನೋಡಿ, ಯಾವುದೂ ಬೇಡವೆಂದು ಹೊರಬರುವುದು ಆಗುವುದಿಲ್ಲ. ರಸ್ತೆಗೆ ತಂದು ತೋರಿಸಿದ್ದನ್ನು ಬೇಡವೆನ್ನಲು ಸಂಕೋಚವಾಗುತ್ತದೆ. ಮೈಸೂರಿನ ಮಾಲ್ ಒಂದರಲ್ಲಿ ನಾನು ಮೊದಲ ಬಾರಿಗೆ ಯಾರ ಸಹಾಯವೂ ಇಲ್ಲದೆ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋದೆ, ಪುಸ್ತಕಗಳನ್ನು ತಿರುವಿ ಹಾಕಿದೆ, ಏನನ್ನೂ ಕೊಳ್ಳದೆ ಹೊರಬಂದೆ. ಮೇಷ್ಟರು ಹೇಳಿದ, ಗುರಿಯಿಲ್ಲದೆ ನೋಡುತ್ತ ತಿರುಗುವ ಆ ಸ್ಥಿತಿ ನನ್ನಂಥವನಿಗೆ ಎಷ್ಟು ಅಪರೂಪದ ಸುಖವೆಂದು ಕಾಲಿರುವವರಿಗೆ ತಿಳಿಸುವುದು ಕಷ್ಟ.

ಇದು ಮಾಲ್‌ನವರ ಉದಾರತೆಯಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆ, 2016 ಸಾರ್ವಜನಿಕರು ಬಳಸುವ ಖಾಸಗಿ ವಾಣಿಜ್ಯ ಕಟ್ಟಡಗಳನ್ನೂ ಸಾರ್ವಜನಿಕ ಕಟ್ಟಡಗಳೆಂದೇ ಪರಿಗಣಿಸುತ್ತದೆ. ನಕ್ಷೆಯು ನಿಗದಿತ ಪ್ರವೇಶ ಸೌಲಭ್ಯದ ನಿಯಮಗಳಿಗೆ ಅನುಗುಣವಾಗಿಲ್ಲದಿದ್ದರೆ ಕಟ್ಟಲು ಅನುಮತಿ ಕೊಡಬಾರದೆಂದು ಅದರಲ್ಲಿದೆ. ಇಳಿಜಾರಿಗೂ ಅಳತೆಯಿದೆ, ಒಂದು ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದವಿರಬೇಕು. ನಮ್ಮೂರಿನಲ್ಲಿ ಹೆಸರಿಗೆ ಕಟ್ಟಿರುವ ಇಳಿಜಾರುಗಳಲ್ಲಿ ಕೆಲವು ಎಷ್ಟು ಕಡಿದಾಗಿವೆಯೆಂದರೆ ಇಬ್ಬರು ತಳ್ಳಿದರೂ ಕುರ್ಚಿ ಹತ್ತುವುದಿಲ್ಲ.

ಸಾಲಗಾಮೆ ರಸ್ತೆ, ಹಾಸನ

ಎಲ್ಲರಿಗೂ ವಂದನೆಗಳು. ಬಸವನಹಳ್ಳಿಯವರು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಆ ಮಾಲ್‌ನಲ್ಲಿ ತನಗೆ ಎಲ್ಲಕ್ಕಿಂತ ಇಷ್ಟವಾದದ್ದು ಶೌಚಾಲಯವೇ ಎಂದರು. ಮಗನ ಮುಂದೆ ಹೇಳಲು ಸಂಕೋಚಪಟ್ಟು ಅಂದು ಸುಮ್ಮನಿದ್ದರಂತೆ.

ನಾನು ಮೊದಲು ಬರೆಯದೆ ಬಿಟ್ಟ ಒಂದು ಸಂಗತಿಯಿದೆ. ಅಂಗಡಿಗಳ ಹೆಸರುಗಳು ಕನ್ನಡದಲ್ಲಿ ದೊಡ್ಡದಾಗಿಯೇ ಇದ್ದವು. ನಾಮಫಲಕದ ಶೇ. 60ರಷ್ಟು ಕನ್ನಡದಲ್ಲಿರಬೇಕೆಂದು 2024ರಲ್ಲಿ ರಾಜ್ಯ ಸರ್ಕಾರ ಕಾಯಿದೆಗೆ ತಿದ್ದುಪಡಿ ತಂದ ಮೇಲೆ ಆಗಿರುವ ಒಳ್ಳೆಯ ಬದಲಾವಣೆ ಅದು. ಆದರೆ ಲಿಫ್ಟ್ ಎಲ್ಲಿ, ಶೌಚಾಲಯ ಎಲ್ಲಿ, ಬೆಂಕಿ ಬಿದ್ದರೆ ಓಡಬೇಕಾದ ಬಾಗಿಲು ಎಲ್ಲಿ ಎಂದು ತಿಳಿಸುವ ಒಳಗಿನ ಫಲಕಗಳು ಕನ್ನಡದಲ್ಲಿರಲಿಲ್ಲ. ಅಂಗಡಿಯ ಹೆಸರು ಓದಲಾಗದಿದ್ದರೂ ಒಳಗಿನ ವಸ್ತು ಕಣ್ಣಿಗೆ ಕಾಣುತ್ತದೆ. ಕನ್ನಡವಷ್ಟೇ ಬಲ್ಲವರಿಗೆ ನಿಜವಾಗಿ ಬೇಕಿದ್ದದ್ದು ಎರಡನೆಯ ಬಗೆಯ ಫಲಕಗಳು.

ಬೇಲೂರು ರಸ್ತೆ

ಪಂಚೆಯ ಮಾತನ್ನು ಯಾರೂ ಎತ್ತಲಿಲ್ಲ. 2024ರ ಜುಲೈನಲ್ಲಿ ಮಗನೊಂದಿಗೆ ಸಿನಿಮಾ ನೋಡಲು ಬಂದ ಹಿರಿಯ ರೈತರೊಬ್ಬರನ್ನು ಪಂಚೆಯುಟ್ಟ ಕಾರಣಕ್ಕೆ ಬೆಂಗಳೂರಿನ ಮಾಲ್ ಒಂದರ ಬಾಗಿಲಲ್ಲಿ ತಡೆದದ್ದು, ಅದು ವಿಧಾನಸಭೆಯಲ್ಲಿ ಚರ್ಚೆಯಾಗಿ ಆ ಮಾಲನ್ನು ಒಂದು ವಾರ ಮುಚ್ಚಿಸುವ ನಿರ್ಧಾರವಾದದ್ದು ಎಲ್ಲರಿಗೂ ನೆನಪಿರಬೇಕು. ನಮ್ಮ ತಂದೆ ಅದಾದ ಮೇಲೆ ಮಾಲ್ ಎಂದರೆ ಪ್ಯಾಂಟ್ ಹಾಕಿಕೊಂಡು ಹೋಗಬೇಕಾದ ಜಾಗವೆಂದೇ ತಿಳಿದಿದ್ದಾರೆ. ಹಾಗಲ್ಲವೆಂದು ಎಷ್ಟು ಹೇಳಿದರೂ ಒಪ್ಪುವುದಿಲ್ಲ. ಕೂರುವುದು ಆಮೇಲಿನ ಮಾತು, ಒಳಗೆ ಹೋಗಲು ಧೈರ್ಯ ಬರುವಂತಿರಬೇಕು.

ನಕ್ಷೆ ಮೇಷ್ಟರು, ಹಾಸನ

ಬೇಲೂರು ರಸ್ತೆಯವರ ಹೆಸರು ನೋಡಿ ಒಂದು ಸಂಗತಿ ಹೇಳಬೇಕೆನಿಸಿತು. ಹಳೇಬೀಡಿನಲ್ಲಿ, ಇನ್ನೂ ಚೆನ್ನಾಗಿ ಕಾಣಬೇಕೆಂದರೆ ಚಿಕ್ಕಮಗಳೂರು ಜಿಲ್ಲೆಯ ಬೆಳವಾಡಿಯ ವೀರನಾರಾಯಣ ದೇವಾಲಯದಲ್ಲಿ, ತೆರೆದ ಮಂಟಪದ ಅಂಚಿನುದ್ದಕ್ಕೂ ಕಕ್ಷಾಸನವೆಂಬ ಕಲ್ಲಿನ ಆಸನವಿದೆ. ಬೆನ್ನು ಒರಗಲು ಅನುಕೂಲವಾಗುವಂತೆ ಅದರ ಹಿಂಬದಿಯ ಕಲ್ಲನ್ನು ಹೊರಕ್ಕೆ ಓರೆಯಾಗಿಸಿದ್ದಾರೆ. ಹೊಯ್ಸಳರ ಶಿಲ್ಪಿಗಳು ಆಸನವನ್ನು ಆಮೇಲೆ ತಂದಿಟ್ಟಿಲ್ಲ. ಅದು ಕಟ್ಟಡದ ಅಂಚೇ ಆಗಿದೆ. ಕಂಬಗಳು ಅದರ ಮೇಲಿಂದ ಏಳುತ್ತವೆ. ತೆಗೆದುಹಾಕಬೇಕೆಂದರೆ ಮಂಟಪವನ್ನೇ ಬಿಚ್ಚಬೇಕು. ಜನ ಸೇರುವ ಜಾಗದಲ್ಲಿ ಕೂರುವುದಕ್ಕೆ ಮೊದಲೇ ಸ್ಥಾನವಿಟ್ಟು ಕಟ್ಟುವ ವಿದ್ಯೆ ನಮ್ಮ ಜಿಲ್ಲೆಗಳಿಗೆ ಹೊಸತಲ್ಲ. ಆಸನವನ್ನು ಬೆಂಚಾಗಿ ತಂದಿಟ್ಟರೆ ನಾಳೆ ಅದನ್ನೆತ್ತಿ ಐಸ್‌ಕ್ರೀಮ್ ಕಟ್ಟೆಯನ್ನು ಇಡುತ್ತಾರೆ. ಕಂಬದ ಬುಡದಲ್ಲಿ, ಗಾಜಿನ ಗೋಡೆಯ ಕೆಳಗೆ, ಗಿಡದ ಕಟ್ಟೆಯ ಸುತ್ತ ಒಂದೂವರೆ ಅಡಿ ಎತ್ತರದ ಕಲ್ಲಿನ ಅಂಚನ್ನು ಕಟ್ಟಡದೊಂದಿಗೇ ಕಟ್ಟಿಸಿದರೆ ಅದನ್ನು ಸುಲಭವಾಗಿ ಕೀಳಲಾಗುವುದಿಲ್ಲ. ಆದ್ದರಿಂದ ಇದನ್ನು ಕೇಳಬೇಕಾದದ್ದು ನಕ್ಷೆಯ ಹಂತದಲ್ಲಿ, ಮಾಲ್ ತೆರೆದ ಮೇಲಲ್ಲ.

ಹೊಳೆನರಸೀಪುರದವಳು

ಹಾಗೆ ಕಟ್ಟಿದರೂ ಕಾವಲುಗಾರರಿಗೆ ಎಬ್ಬಿಸಲು ಹೇಳಿದರೆ ಏನು ಪ್ರಯೋಜನ? "ಇಲ್ಲಿ ಎಲ್ಲರೂ ಕೂರಬಹುದು" ಎಂದು ಕನ್ನಡದಲ್ಲಿ ಬರೆದ ಫಲಕವನ್ನೂ ಅಲ್ಲಿಯೇ ಹಾಕಿಸಬೇಕು. ಎಬ್ಬಿಸುವ ಕಾವಲುಗಾರರೂ ದಿನವಿಡೀ ನಿಂತವರೇ ಎಂಬುದನ್ನು ಮರೆಯದಿರಿ.

ಸಾಲಗಾಮೆ ರಸ್ತೆ, ಹಾಸನ

ಇಲ್ಲಿ ಬಂದ ಮಾತುಗಳನ್ನೆಲ್ಲ ಸೇರಿಸಿ ನಗರಾಡಳಿತಕ್ಕೆ ಕೊಡಲು ಪತ್ರವೊಂದನ್ನು ಬರೆಯುತ್ತಿದ್ದೇನೆ. ಕಟ್ಟಡದ ಭಾಗವಾಗಿಯೇ ಇರುವ ಕಲ್ಲಿನ ಆಸನ, ದುಡಿಯುವವರಿಗೆ ಕುರ್ಚಿ, ಅಳತೆಗೆ ಸರಿಯಾದ ಇಳಿಜಾರು, ದಾರಿ ತೋರಿಸುವ ಕನ್ನಡ ಫಲಕ, ಹೊಳಪಿಲ್ಲದ ನೆಲ, ಉಡುಪಿನ ಕಾರಣಕ್ಕೆ ಯಾರನ್ನೂ ತಡೆಯಬಾರದೆಂಬ ಷರತ್ತು ಇವೆಲ್ಲ ಅದರಲ್ಲಿರುತ್ತವೆ. ಬಸವನಹಳ್ಳಿಯವರ ಮಾತನ್ನು ಮಾಲ್‌ಗೆ ಸೀಮಿತಗೊಳಿಸದೆ, ಕಟ್ಟಿನಕೆರೆ ಮಾರುಕಟ್ಟೆಯ ಸುತ್ತ ಹೆಂಗಸರಿಗೆ ಶೌಚಾಲಯ ಬೇಕೆಂಬ ಬೇಡಿಕೆಯನ್ನು ಪತ್ರದ ಮೊದಲಿಗೇ ಇಡುತ್ತಿದ್ದೇನೆ, ಏಕೆಂದರೆ ಅದಕ್ಕೆ ಮಾಲ್ ಬರುವವರೆಗೆ ಕಾಯಬೇಕಾಗಿಲ್ಲ. ಜವಳಿ ವ್ಯಾಪಾರಿಗಳು ಸಹಿ ಹಾಕಿ, ಬೀದಿಯ ಇತರ ಅಂಗಡಿಯವರ ಸಹಿಯನ್ನೂ ತಂದುಕೊಟ್ಟರೆ ಪತ್ರಕ್ಕೆ ತೂಕ ಬರುತ್ತದೆ.

ಜವಳಿ ವ್ಯಾಪಾರಿ, ಹಾಸನ

ಸಹಿ ಹಾಕುತ್ತೇನೆ, ಹಾಕಿಸುತ್ತೇನೆ. ಪತ್ರದ ಪ್ರತಿಯನ್ನು ಅಂಗಡಿಗೆ ಕಳುಹಿಸಿ. ಮಂಗಳವಾರ ಸಂಜೆ ವ್ಯಾಪಾರ ಕಡಿಮೆಯಿರುತ್ತದೆ. ಮಹಾರಾಜ ಪಾರ್ಕಿನ ಬಳಿ ಸೇರಬಲ್ಲವರು ಇಲ್ಲಿ ತಿಳಿಸಿದರೆ ಒಟ್ಟಿಗೆ ಮಾರುಕಟ್ಟೆಯ ಸುತ್ತ ನಡೆದು, ಶೌಚಾಲಯಕ್ಕೆ ಯಾವ ಜಾಗ ಆಗಬಹುದೆಂದು ನೋಡಿಕೊಂಡು ಬರೋಣ.

ಗಾಲಿಕುರ್ಚಿ, ಚಿಕ್ಕಮಗಳೂರು

ನಾನೂ ಬರುತ್ತೇನೆ. ಇಳಿಜಾರು ಅಳೆಯಲು ಟೇಪು ತರುತ್ತೇನೆ.